ತಕ್ಕಡಿಗೆ ಏರಿದ ಸೈಕಲ್ಲು

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಕರೆಯುತ್ತಿದ್ದರು. ಈಗ ಬೀದಿಯನ್ನೆಲ್ಲ ಮೋಟಾರು ಗಾಡಿಗಳು ಆಕ್ರಮಿಸಿವೆ. ಆದರೂ ಹೋದ ಮಳೆಗಾಲದಿಂದ ದೀಪಾವಳಿಯವರೆಗೆ ನಮ್ಮ ಮನೆಯ ನಡುಕೋಣೆಯನ್ನು ಆಕ್ರಮಿಸಿದ್ದು ಒಂದು ಸೈಕಲ್ಲೇ. ಕಟ್ಟುತ್ತಿದ್ದವನು ನನ್ನ ಅಕ್ಕನ ಮಗ. ಧಾರವಾಡದಿಂದ ನೌಕರಿಗೆ ಬಂದವನು ಎರಡು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಬಿಟ್ಟುಹೋಗುವಾಗ ಅಕ್ಕ, “ಇನ್ನ ಇವನ ಜವಾಬ್ದಾರಿ ನಿಂದ ನೋಡಪಾ” ಎಂದಿದ್ದಳು.

ಇದು ಪೇಟೆಗೆ ಹೋಗಿಬರುವ ಸೈಕಲ್ಲಲ್ಲ, ಗುಡ್ಡ ಇಳಿಯುವ ಸೈಕಲ್ಲು. ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಉತ್ಸಾಹಿಗಳು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯ ಹೂಡಿದರು. ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕು ಕಾದು ಹಬ್ಬಿನ ಗ್ರೀಸು ಹೊಗೆಯಾಗಿರುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. 1989ರಲ್ಲಿ ಬಂದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು ಸುಮಾರು 50 ಮಿಲಿಮೀಟರು ಕುಗ್ಗುತ್ತಿತ್ತು. ನಮ್ಮ ಹುಡುಗನದು 160 ಮಿಲಿಮೀಟರು ಕುಗ್ಗಿ ಕಲ್ಲಿನ ಪೆಟ್ಟನ್ನು ನುಂಗುತ್ತದೆ. ಆದರೆ ಹೆಚ್ಚು ಕುಗ್ಗುವ ಸೈಕಲ್ಲಿನ ಫ್ರೇಮು, ಫೋರ್ಕು ಎರಡೂ ದಪ್ಪವಾಗಿರಬೇಕು, ತೂಕ ಏರುತ್ತದೆ. ಇಳಿಯುವವನು ಮೊದಲು ಹತ್ತಬೇಕಲ್ಲ! ಅದಕ್ಕಾಗಿ ಹಗುರ ಬಿಡಿಭಾಗಗಳ ಬೇಟೆ ಶುರುವಾಗಿ, ಅಡಿಗೆಮನೆಯ ತಕ್ಕಡಿ ನಡುಕೋಣೆಗೆ ವರ್ಗವಾಯಿತು.

ಟ್ಯೂಬು ತೆಗೆದು ಟೈರಿನೊಳಗೆ ಹಾಲಿನಂಥ ದ್ರವ ಹಾಕಿದ. ಎರಡು ಗಾಲಿಗೂ ಸೇರಿ 200 ಗ್ರಾಂ ಉಳಿಯಿತು. ಹಿಂದಿನ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಶಾಕು ಕೂಡಿಸಿದ. 400 ಗ್ರಾಂ ಇಳಿಯಿತು. ನಾನೂ ಬಿ.ಎಸ್ಸಿ. ಓದಿದವನು. ಉರುಳುವ ಬಳೆಯ ಚಲನಶಕ್ತಿ, ಅದೇ ವೇಗದಲ್ಲಿ ಉರುಳದೆ ಸಾಗುವ ಅಷ್ಟೇ ತೂಕದ ವಸ್ತುವಿಗಿಂತ ಇಮ್ಮಡಿ. ಆದ್ದರಿಂದ ವೇಗ ಏರಿಸುವಾಗ ಗಾಲಿಯ ಅಂಚಿನ 100 ಗ್ರಾಂ ಫ್ರೇಮಿನ 200 ಗ್ರಾಂಗೆ ಸಮ ಎಂದು ವಿವರಿಸಿದೆ. ಇಷ್ಟು ವರ್ಷ ಫೈಲುಗಳ ಅಡಿಯಲ್ಲಿ ಮಲಗಿದ್ದ ವಿದ್ಯೆ ಎದ್ದು ಕೂತಿತು!

ಅದನ್ನು ಕೇಳಿದ್ದೇ ತಡ, ತೆಳು ಟೈರು ಹಾಕುತ್ತೇನೆಂದ. ಚೂಪು ಕಲ್ಲು ಅದರ ಪಕ್ಕೆ ಸೀಳುತ್ತದೆಂದು ಹೇಳಿದಾಗ ಒಪ್ಪಿದ. ಜಗಳ ಹುಟ್ಟಿದ್ದು ಹ್ಯಾಂಡಲಿಗೆ. ಯಾರೋ ಬಳಸಿ ಬಿಟ್ಟ ಕಾರ್ಬನ್ ಹ್ಯಾಂಡಲ್ ಅಗ್ಗಕ್ಕೆ ಸಿಗುತ್ತಿತ್ತು. “ಮಾಮಾ, ನೂರು ಗ್ರಾಂ ಕಡಿಮಿ ಆಗ್ತದ” ಎಂದ. ಹೊಸ ಕಾರ್ಬನ್ ಗಟ್ಟಿಯಾದದ್ದೇ. ಆದರೆ ಪೆಟ್ಟು ತಿಂದದ್ದಾದರೆ ಒಳಪದರ ಸೀಳಿದ್ದರೂ ಹೊರಗೆ ಬಣ್ಣ ಹೊಳೆಯುತ್ತಿರಬಹುದು. ಉಕ್ಕು ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಕಾರ್ಬನ್ ಒಮ್ಮೆಲೇ ಮುರಿಯಬಹುದು. ಇಳಿಜಾರಿನಲ್ಲಿ ಅರ್ಧ ಹ್ಯಾಂಡಲ್ ಕೈಗೆ ಬಂದರೆ ಗತಿಯೇನು? “ನಿಮ್ಮವ್ವಗ ನಾ ಏನ ಹೇಳಲಿ?” ಎಂದೆ. ಎರಡು ದಿನ ಅವನು ಮಾತಾಡಲಿಲ್ಲ, ಊಟಕ್ಕೂ ತಡವಾಗಿ ಬಂದ.

ಮೂರನೆಯ ದಿನ ನನ್ನಾಕೆ ಬಡಿಸುತ್ತ ಕೇಳಿದಳು: “ಬೆನ್ನಿನ ಚೀಲದಾಗ ಎರಡು ಲೀಟರ್ ನೀರು, ಡಬ್ಬಿ ತುಂಬ ಅವಲಕ್ಕಿ ಒಯ್ತೀ. ನೂರು ಗ್ರಾಮಿಗೆ ಯಾಕಪಾ ಇಷ್ಟು ಸಿಟ್ಟು?” ಹುಡುಗ ನಕ್ಕುಬಿಟ್ಟ.

ಗಟ್ಟಿ, ಹಗುರ, ಅಗ್ಗ ಇವುಗಳಲ್ಲಿ ಎರಡು ಮಾತ್ರ ಒಟ್ಟಿಗೆ ಸಿಗುತ್ತವೆಂಬ ಮಾತೊಂದು ಅಮೆರಿಕದ ಕೀತ್ ಬಾಂಟ್ರೇಜರ್ ಅವರ ಹೆಸರಿನಲ್ಲಿ ಸೈಕಲ್ ಪ್ರಿಯರ ನಡುವೆ ಓಡಾಡುತ್ತದೆ. ನಾವು ಹ್ಯಾಂಡಲಿನ ಮಟ್ಟಿಗೆ ಗಟ್ಟಿಯನ್ನೂ ಅಗ್ಗವನ್ನೂ ಆರಿಸಿದೆವು. ದಸರೆಗೆ ಬಂದ 6,908 ರೂಪಾಯಿ ಬೋನಸ್ಸಿನಲ್ಲಿ ಹೊಸ ಅಲ್ಯುಮಿನಿಯಂ ಹ್ಯಾಂಡಲ್ ತರಿಸಿದೆ. ಅದೂ ಶಾಶ್ವತವಲ್ಲ, ಸಣ್ಣ ಸಣ್ಣ ಅದುರುಗಳೂ ಕೂಡಿ ಅಲ್ಯುಮಿನಿಯಮ್ಮನ್ನು ದಣಿಸುತ್ತವೆ. ಹೀಗಾಗಿ ಜೋಡಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದೇನೆ. ಗುಮಾಸ್ತನ ಅಭ್ಯಾಸ!

ಕೊನೆಗೆ ಸೈಕಲ್ಲು 14 ಕಿಲೋ 600 ಗ್ರಾಂ ತೂಗಿತು. ಮೊದಲ ಭಾನುವಾರ ವೇತಾಳ ಟೇಕಡಿಗೆ ಹೋದವನು ಮಂಡಿ ತರಚಿಕೊಂಡು ಬಂದ. ಹ್ಯಾಂಡಲಿನ ತುದಿಯಲ್ಲಿ ಒಂದು ಗೀರು ಬಿದ್ದಿತ್ತು, ಅಷ್ಟೇ. ಈಗ ಶನಿವಾರ ರಾತ್ರಿ ನಾನು ಹೇಳುವ ಮೊದಲೇ ಬಿಗಿತ ಅಳೆಯುವ ಪಾನಾ ಹಿಡಿದು ಒಂದೊಂದೇ ಬೋಲ್ಟು ಪರೀಕ್ಷಿಸುತ್ತಾನೆ.

ಸಂಘದ ಬಂಧುಗಳ ಮನೆಯಲ್ಲೂ ಇಂಥ ಹುಚ್ಚು ಹಿಡಿದ ಹುಡುಗ ಹುಡುಗಿಯರು ಇರಬಹುದು. ತಡೆಯಬೇಡಿ, ತಕ್ಕಡಿ ಕೊಡಿ. ಆದರೆ ಬ್ರೇಕು, ಟೈರು, ಹ್ಯಾಂಡಲುಗಳ ಆಯ್ಕೆಯನ್ನು ಮಾತ್ರ ತಕ್ಕಡಿಗೆ ಒಪ್ಪಿಸಬೇಡಿ.