ಮೂರೂವರೆ ಫ್ರಾಂಕಿನ ಕೋಣೆ

ಅವ್ವನನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿ ಬಂದವನು ಎಂದು ನಮ್ಮೂರು ಕಿಕ್ಕೇರಿಯಲ್ಲಿ ಈಗಲೂ ನನ್ನನ್ನು ಹೊಗಳುತ್ತಾರೆ. ಹಾಗೆ ಹೊಗಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಹೋಟೆಲಿನ ಸುರುಳಿ ಮೆಟ್ಟಿಲು.

ಕವಿಗಳು, ಕಲಾವಿದರು ಇದ್ದ ಮನೆ ಎಂದರೆ ನನಗೆ ಚಿಕ್ಕಂದಿನಿಂದ ಭಕ್ತಿ. ಅದು ಊರಿನಿಂದ ಬಂದದ್ದು. ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರ ಜನವರಿ 26ರಂದು ಹುಟ್ಟಿದ್ದು ನಮ್ಮೂರಿನಲ್ಲಿ. ಅವರ ‘ಮೈಸೂರು ಮಲ್ಲಿಗೆ’ಯ ಹಾಡುಗಳನ್ನು ಅವ್ವ ಒಲೆ ಮುಂದೆ ಕೂತು ಗುನುಗುತ್ತಿದ್ದಳು. ಹಾಗಾಗಿ ಯುರೋಪಿಗೆ ಹೊರಟಾಗ ಹಟ ಹಿಡಿದೆ: ಇಳಿದುಕೊಂಡರೆ ಕಲೆಯ ನಂಟಿರುವ ಪುಟ್ಟ ಹೋಟೆಲಿನಲ್ಲೇ, ಖರ್ಚು ಎಷ್ಟಾದರೂ ಸರಿ.

ತಿಂಗಳುಗಟ್ಟಲೆ ಓದಿದೆ. ಆಸ್ಕರ್ ವೈಲ್ಡ್ 1900ರಲ್ಲಿ ಕೊನೆಯುಸಿರೆಳೆದ ಪ್ಯಾರಿಸ್ಸಿನ ಹೋಟೆಲು ಇಂದು ಸಿರಿವಂತರ ತಾಣ. ಆತ ಕಾಸಿಲ್ಲದೆ ಅಲ್ಲಿ ಮಲಗಿದ್ದಾಗ ಅದು ಅಗ್ಗದ ವಸತಿಗೃಹ. ದಕ್ಷಿಣ ಫ್ರಾನ್ಸಿನ ‘ಲಾ ಕೊಲೊಂಬ್ ದೋರ್’ ಹೋಟೆಲಿನ ಊಟದ ಮನೆಯಲ್ಲಿ ಪಿಕಾಸೊ, ಮಾತಿಸ್, ಬ್ರಾಕ್ ಚಿತ್ರಗಳು ಇಂದಿಗೂ ಗೋಡೆಯ ಮೇಲಿವೆ. ಚಿತ್ರಕಾರರು ಅಲ್ಲಿ ಉಂಡರು, ಹರಟಿದರು, ಆ ಸ್ನೇಹದಲ್ಲಿ ಚಿತ್ರಗಳು ಅಲ್ಲೇ ಉಳಿದವು. ಇಷ್ಟೆಲ್ಲ ಓದಿಯೂ ಒಂದನ್ನು ಗಮನಿಸಲಿಲ್ಲ: ಹುಟ್ಟಿದ ಮನೆ, ಒಂದು ರಾತ್ರಿ ತಂಗಿದ ಮನೆ, ಸತ್ತ ಮನೆ, ಕೂತು ಕೆಲಸ ಮಾಡಿದ ಮನೆ, ಇವೆಲ್ಲ ಒಂದೇ ಅಲ್ಲ. ಕಿಕ್ಕೇರಿಯವನಾದ ನನಗೆ ಇದು ಯಾರಿಗಿಂತಲೂ ಮೊದಲು ಹೊಳೆಯಬೇಕಿತ್ತು. ಕವಿಯನ್ನು ನಮ್ಮವರೆಂದು ಎಷ್ಟು ಹೇಳಿಕೊಂಡರೂ ಅವರ ಬಹುಪಾಲು ಬದುಕು ಕಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ.

ಕೊನೆಗೆ ನಾನು ಆರಿಸಿದ್ದು ಬಾಗಿಲಲ್ಲಿ ದೊಡ್ಡ ಕಲಾವಿದನ ಹೆಸರಿನ ಫಲಕವಿದ್ದ ಪ್ಯಾರಿಸ್ಸಿನ ಒಂದು ಹೋಟೆಲನ್ನು. ಫ್ರಾನ್ಸಿನಲ್ಲಿ ಹೋಟೆಲಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವಾಗ ಕೋಣೆಯ ಅಳತೆ, ಸೌಕರ್ಯ, ಸೇವೆ ನೋಡುತ್ತಾರೆ. ನಾನು ಅದನ್ನೂ ಸರಿಯಾಗಿ ನೋಡಲಿಲ್ಲ. ಲಿಫ್ಟ್ ಇದೆಯೇ ಎಂದು ಕೇಳಲಿಲ್ಲ. ಅರವತ್ತೆಂಟು ದಾಟಿದ, ಮಂಡಿ ಸವೆದ ಅವ್ವ ಜೊತೆಗಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಇದೇ ನನ್ನ ತಪ್ಪು.

ಕೋಣೆ ಮೂರನೇ ಮಹಡಿಯಲ್ಲಿತ್ತು. ಗೋಡೆ ಕಡೆ ಅಗಲ, ಒಳಗಡೆ ಎರಡು ಬೆರಳಿನಷ್ಟೇ ಇದ್ದ ಆ ಮೆಟ್ಟಿಲುಗಳನ್ನು ಅವ್ವ ಸೆರಗು ಸಿಕ್ಕಿಸಿ, ಕಂಬಿ ಹಿಡಿದು, ಒಂದೊಂದಕ್ಕೂ ನಿಂತು ಹತ್ತಿದಳು. ಸ್ನಾನದ ತೊಟ್ಟಿಯ ಅಂಚು ಅವಳ ಮೊಣಕಾಲೆತ್ತರ. ಅದನ್ನು ದಾಟಿ ಒಳಗಿಳಿಯಲು ಹೆದರಿ ಮುಖ ತೊಳೆಯುವ ಬೇಸಿನ್ನಿನ ನೀರನ್ನೇ ಮೈಗೆ ಹಾಕಿಕೊಂಡಳು. ಮರುದಿನ ಮಂಡಿ ಊದಿತು.

ಇನ್ನು ಹೇಳಬೇಕಾದದ್ದು ಇದಕ್ಕಿಂತ ಕಷ್ಟದ್ದು. ಲೂವ್ರ್, ಓರ್ಸೇ ವಸ್ತುಸಂಗ್ರಹಾಲಯಗಳಿಗೆ ಮುಂಗಡ ಟಿಕೆಟ್ ತೆಗೆದಿದ್ದೆ. ದುಡ್ಡು ಹೋಗುತ್ತದಲ್ಲ ಎಂದು ಅವ್ವನನ್ನು ಕೋಣೆಯಲ್ಲಿ ಬಿಟ್ಟು ಎರಡು ದಿನ ಒಬ್ಬನೇ ಚಿತ್ರ ನೋಡಲು ಹೋದೆ. ಬ್ರೆಡ್ಡು, ಬಾಳೆಹಣ್ಣು, ಊರಿಂದ ತಂದ ಚಟ್ನಿಪುಡಿ ಇಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ಕಿಟಕಿ ಪಕ್ಕ ಕುರ್ಚಿಯಲ್ಲಿ ಹಾಗೇ ಕೂತಿದ್ದಳು. ಬಯ್ಯಲಿಲ್ಲ. ಗೋಡೆಯ ಮೇಲಿದ್ದ ಅಚ್ಚಿನ ಚಿತ್ರಗಳನ್ನು ತೋರಿಸಿ ಕೇಳಿದಳು: “ಬ್ರಹ್ಮೇಶ್ವರನ ಗುಡೀಲಾದ್ರೆ ಮದನಿಕೆ ತಾನೇ ನಿಂತವ್ಳೆ. ಇಲ್ಲಿ ಯಾರವ್ರೆ ಮಗ?”

ನಮ್ಮೂರ ಆ ಗುಡಿ 1171ರದು, ಹೊಯ್ಸಳರ ಕಾಲದ್ದು, ನಾಯಕಿತಿಯೊಬ್ಬಳು ಕಟ್ಟಿಸಿದ್ದು. ಒಳಗಿನ ಕಂಬಗಳ ಮೇಲಿನ ಆ ಮದನಿಕೆಯರನ್ನು ಅವ್ವ ಮದುವೆಯಾಗಿ ಬಂದಾಗಿನಿಂದ ತಲೆಯೆತ್ತಿ ನೋಡಿದವಳು. ಕಲೆ ಎದುರಿಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು, ಇಲ್ಲದಿದ್ದರೂ ಗೊತ್ತಾಯಿತು. ನಾನು ಕಲಾವಿದನ ಹೆಸರಿಗೆ ದುಡ್ಡು ತೆತ್ತಿದ್ದೆ. ಅವಳಿಗೆ ಏನು ನೋಡಲು ಆಸೆ ಎಂದು ಹೊರಡುವ ಮುನ್ನ ಒಂದು ಸಲವೂ ಕೇಳಿರಲಿಲ್ಲ.

ಕೊನೆಯ ದಿನ ಉಳಿದ ಟಿಕೆಟ್ಟುಗಳನ್ನು ಬಿಟ್ಟು, ಟ್ಯಾಕ್ಸಿ ಮಾಡಿ, ಪ್ಯಾರಿಸ್ಸಿನ ಹೊರಗಿರುವ ಓವೆರ್ ಎಂಬ ಹಳ್ಳಿಗೆ ಹೋದೆವು. ಅಲ್ಲಿಯ ರಾವೂ ಎಂಬ ಊಟ-ವಸತಿಯ ಅಂಗಡಿಯ ಅಟ್ಟದಲ್ಲಿ ವಿನ್ಸೆಂಟ್ ವ್ಯಾನ್ ಗೋ 1890ರಲ್ಲಿ ಬಾಡಿಗೆಗಿದ್ದ. ಸುಮಾರು ಎಪ್ಪತ್ತು ದಿನ ಅಲ್ಲಿದ್ದು, ಜುಲೈ 29ರಂದು ಅದೇ ಕೋಣೆಯಲ್ಲಿ ತೀರಿಕೊಂಡ. ಆ ಕೋಣೆಯನ್ನು ಈಗ ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ, ನೋಡಿ ಬರಬಹುದು ಅಷ್ಟೆ. ಅಲ್ಲೂ ಮೆಟ್ಟಿಲು. ಅವ್ವ ಎದುರಿನ ಬೆಂಚಿನಲ್ಲಿ ಕೂತು, “ನೀನು ಹೋಗಿ ಬಾ, ನಂಗೆ ಬಂದು ಹೇಳು” ಅಂದಳು.

ಕೆಳಗಿಳಿದು ಬಂದಾಗ ಕೇಳಿದಳು, “ಏನಿತ್ತು?”

“ಏನೂ ಇಲ್ಲ ಅವ್ವ. ಖಾಲಿ ಕೋಣೆ. ಮಾಡಿನಲ್ಲೊಂದು ಬೆಳಕಿಂಡಿ.”

ಅವಳು ತುಂಬ ಹೊತ್ತು ಆ ಮನೆಯನ್ನೇ ನೋಡಿದಳು. ವ್ಯಾನ್ ಗೋನ ವೈದ್ಯರು ತೋರಿಸಿದ ವಸತಿಗೃಹದಲ್ಲಿ ದಿನಕ್ಕೆ ಆರು ಫ್ರಾಂಕ್ ಕೇಳಿದರೆಂದು ಅದನ್ನು ಬಿಟ್ಟು, ಮೂರೂವರೆ ಫ್ರಾಂಕಿನ ಇದನ್ನು ಅವನು ತಾನೇ ಹುಡುಕಿಕೊಂಡನೆಂದು ಹೇಳಿದೆ.

“ಪಾಪ, ಕಾಸು ನೋಡ್ಕೊಂಡು ಬಂದವ್ನೆ,” ಅಂದಳು. ಆಮೇಲೆ, “ನಮ್ಮ ರೂಮಿಗೆ ದಿನಕ್ಕೆ ಎಷ್ಟು ಕೊಟ್ಟೆ ಮಗ?”

ನಿಜವಾದ ಮೊತ್ತದ ಕಾಲು ಭಾಗ ಹೇಳಿದೆ. ಅಷ್ಟಕ್ಕೇ ಅವಳ ಮುಖ ಸಣ್ಣದಾಯಿತು. ನಿಜ ಎಷ್ಟೆಂದು ಇವತ್ತಿಗೂ ಅವಳಿಗೆ ಹೇಳಿಲ್ಲ.