ಹೊಗೆಯಿಲ್ಲದ ಕೆಂಡ

ಒಲೆ ಉರಿಯದ ಮನೆಯನ್ನು ನಮ್ಮ ಹಿರಿಯರು ಮನೆಯೆಂದೇ ಕರೆಯುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ಒಲೆಯನ್ನು ಸಾರಿಸಿ, ವಿಭೂತಿ ಹಚ್ಚಿ, ಬೆಂಕಿ ಹೊತ್ತಿಸಿದ ಮೇಲೆಯೇ ಗೃಹಿಣಿಯ ದಿನ ಆರಂಭವಾಗುತ್ತಿತ್ತು. ಹೀಗೆ ಒಲೆಯನ್ನು ಪೂಜಿಸಲು ಕಲಿತಿದ್ದ ನಾವು ಅದರ ಗುಣಾವಗುಣಗಳನ್ನು ಅರಿಯಲು ಕಲಿತಿರಲಿಲ್ಲ. ಆ ಅರಿವು ನಮಗೆ ಬಂದದ್ದು ಎರಡು ಜೀವಗಳು ಕೈಬಿಟ್ಟು ಹೋಗುವ ಹೊತ್ತಿನಲ್ಲಿ.

ನನ್ನ ತವರು ಗಂಗಾವತಿ ಕಡೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಆ ಸೀಮೆಯಲ್ಲಿ ಹೊಟ್ಟಿಗೆ ಬರವಿಲ್ಲ. ನೀರು ಕಾಯಿಸುವುದು ಹೊಟ್ಟಿನ ಒಲೆಯ ಮೇಲೆಯೇ. ಮದುವೆಯಾಗಿ ಬಂದದ್ದು ಯಲಬುರ್ಗಾ ತಾಲೂಕಿನ ಎರೆಭೂಮಿಯ ಹಳ್ಳಿಗೆ. ಇಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜಾಲಿ ಮತ್ತು ಕುಳ್ಳುಗಳೇ ಉರುವಲು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಹೊಗೆ ಹೊರಹೋಗಲು ಇದ್ದದ್ದು ಒಂದೇ ಬೆಳಕಿಂಡಿ. ಅತ್ತೆಯವರ ಕಣ್ಣುಗಳು ಸದಾ ಕೆಂಪಾಗಿರುತ್ತಿದ್ದವು. ಊದುಗೊಳವೆ ಹಿಡಿದರೆ ಕೆಮ್ಮು ಬರುತ್ತಿತ್ತು. ಒಲೆಯ ಕೇಡೆಂದರೆ ಹೊಗೆಯೊಂದೇ ಎಂದು ನಾವೆಲ್ಲರೂ ನಂಬಿದ್ದೆವು.

1994ರ ಜನವರಿ. ಕೊಪ್ಪಳ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ರಾಯಚೂರಿಗೆ ಸೇರಿತ್ತು. ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ಬಂದು ಹೆಣ್ಣುಮಗುವನ್ನು ಹೆತ್ತಿದ್ದಳು. ನಮ್ಮ ಕಡೆಯ ರೂಢಿಯಂತೆ ಬಾಣಂತಿಯ ಕೋಣೆಯ ಕಿಟಕಿಯನ್ನು ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಕಂಬಳಿಯನ್ನು ತುರುಕಿ, ಹೊರಸಿನ ಬಳಿ ಅಗ್ಗಿಷ್ಟಿಕೆಯನ್ನಿಟ್ಟಿದ್ದೆವು. ಆ ರಾತ್ರಿ ಚಳಿ ಹೆಚ್ಚಾಗಿತ್ತು. ಅತ್ತೆಯವರು ಒಲೆಯಿಂದ ಇನ್ನಷ್ಟು ಕೆಂಡಗಳನ್ನು ತುಂಬಿಕೊಂಡು ಹೊರಟಾಗ ನಾನು, “ಅತ್ತೀ, ಬಾಗಿಲಾ ಒಂಚೂರು ತೆರದಿಡೋಣೇನ್ರಿ?” ಎಂದು ಕೇಳಿದೆ. ಅವರು, “ಹೊಗಿ ಎಲ್ಲೈತೆವ್ವಾ? ನಿಗಿನಿಗಿ ಕೆಂಡ ಅದಾವ. ಕೂಸಿಗೆ ಥಂಡಿ ಬಡೀತದ” ಎಂದರು. ನನಗೂ ಅದು ಸರಿಯೆನಿಸಿತು.

ಬೆಳಗಿನ ಜಾವ ಬಿಸಿನೀರು ತೆಗೆದುಕೊಂಡು ಹೋಗಿ ಬಾಗಿಲು ತೆರೆದೆ. ಅತ್ತೆಯವರು ಗೋಡೆಗೊರಗಿ ತಲೆ ಹಿಡಿದುಕೊಂಡು ಕುಳಿತಿದ್ದರು. ಏಳಲು ಕಾಲಲ್ಲಿ ಶಕ್ತಿಯಿರಲಿಲ್ಲ. ನಾದಿನಿ ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ. ಮಗು ಅಳುತ್ತಿರಲಿಲ್ಲ. ನಾನು ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡಿದೆ. ಯಜಮಾನರು ತಂಗಿಯನ್ನು ಹೊತ್ತು ತಂದರು. ಹೊರಗಿನ ಗಾಳಿ ತಾಕಿದ ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಆ ಅಳುವಿಗಿಂತ ಇಂಪಾದ ದನಿಯನ್ನು ನಾನು ಈವರೆಗೆ ಕೇಳಿಲ್ಲ. ಜೀಪಿನಲ್ಲಿ ಎಲ್ಲರನ್ನೂ ಕೊಪ್ಪಳಕ್ಕೆ ಕರೆದೊಯ್ದೆವು. ಆಮ್ಲಜನಕ ಕೊಟ್ಟ ಮೇಲೆ ನಾದಿನಿಗೆ ಪ್ರಜ್ಞೆ ಬಂತು.

ವೈದ್ಯರು ತಿಳಿಸಿ ಹೇಳಿದರು: ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಕಟ್ಟಿಗೆ, ಇದ್ದಿಲು, ಕುಳ್ಳು ಎಲ್ಲವೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮತ್ತು ನಿದ್ದೆಯ ಜೊಂಪು ಅದರ ಲಕ್ಷಣಗಳು. ಒಂದೇ ಕೋಣೆಯಲ್ಲಿದ್ದ ಹಲವರಿಗೆ ಒಟ್ಟಿಗೇ ತಲೆನೋವು ಬಂದರೆ ಕಾರಣ ಹುಡುಕುತ್ತ ಕೂಡಬಾರದು. ಮೊದಲು ಹೊರಗೆ ಬರಬೇಕು. ಹೊಗೆಯಾದರೋ ಕಣ್ಣುರಿಸಿ ಎಚ್ಚರಿಸುತ್ತದೆ. ಹೊಗೆಯಿಲ್ಲದ ಕೆಂಡ ಎಚ್ಚರಿಸುವುದಿಲ್ಲ.

ಆ ವರ್ಷವೇ ನಾವು ಅಡುಗೆಮನೆಗೆ ಅಸ್ತ್ರ ಒಲೆಯನ್ನು ಹಾಕಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ಆರಂಭವಾದ ‘ಅಸ್ತ್ರ’ ವಿಭಾಗದ ವಿಜ್ಞಾನಿಗಳು ರೂಪಿಸಿದ ಒಲೆಯದು. ಮೂರು ಪಾತ್ರೆಗಳು ಒಟ್ಟಿಗೆ ಕೂಡುತ್ತವೆ; ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ; ಹೊಗೆ ಕೊಳವೆಯಿಂದ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಡಿ 2002ರವರೆಗೂ ಹಳ್ಳಿಗಳಲ್ಲಿ ಇಂಥ ಹೊಗೆರಹಿತ ಒಲೆಗಳನ್ನು ಕಟ್ಟಿಸಿದರು. ಆದರೆ ನಮ್ಮ ಓಣಿಯಲ್ಲಿ ಅವುಗಳಲ್ಲಿ ಹೆಚ್ಚಿನವು ಎರಡು ವರ್ಷವೂ ಬಾಳಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿ ಹೊಗೆ ಒಳಗೇ ತಿರುಗಿತು. ಜನ ಒಲೆಯನ್ನು ಬೈದು ಒಡೆದುಹಾಕಿದರು. ತಪ್ಪು ಒಲೆಯದಾಗಿರಲಿಲ್ಲ. ಎತ್ತಿಗೆ ಮೇವು ಹಾಕದೆ ಗಳೆ ಹೊಡೆಯಲಾದೀತೆ?

ನಮ್ಮ ಒಲೆ ಉಳಿದದ್ದು ಅತ್ತೆಯವರಿಂದ. ಅವರು ಪ್ರತಿ ಅಮಾವಾಸ್ಯೆಯನ್ನೂ ಒಲೆಯ ದಿನವೆಂದು ಗೊತ್ತುಮಾಡಿದರು. ಅಂದು ಒಲೆ ಪೂರ್ತಿ ಆರಿದ ಮೇಲೆ ಉದ್ದ ಕೋಲಿಗೆ ಚಿಂದಿ ಸುತ್ತಿ ಕೊಳವೆಯ ಮಸಿ ತೆಗೆಯುವುದು, ಬಿರುಕುಗಳಿಗೆ ಮಣ್ಣು ಮೆತ್ತುವುದು, ಕೊಳವೆ ಮಾಳಿಗೆಯ ಜಂತಿಗೆ ತಾಗಿದೆಯೇ ಎಂದು ನೋಡುವುದು. ಕಟ್ಟಿದ ಮಸಿಗೆ ಕಿಡಿ ತಗಲಿದರೆ ಕೊಳವೆಯೊಳಗೇ ಬೆಂಕಿ ಹೊತ್ತಿ ಜಂತಿಗೆ ಹಬ್ಬಬಹುದು. ಹಸಿ ಕಟ್ಟಿಗೆಯನ್ನು ಅವರು ಒಳಗೆ ತರಗೊಡಲಿಲ್ಲ. ಸೀಳಿ, ಬೇಸಿಗೆಯ ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆ ಮೊದಲೇ ಒಟ್ಟಿಸುತ್ತಿದ್ದರು. ಹಸಿ ಕಟ್ಟಿಗೆಯಿಂದ ಬರುವುದು ಶಾಖಕ್ಕಿಂತ ಹೊಗೆ ಮತ್ತು ಮಸಿಯೇ ಹೆಚ್ಚು.

ಇನ್ನು ಕೆಲವು ಮಾತುಗಳನ್ನು ಸೋದರಿಯರು ಮನಸ್ಸಿನಲ್ಲಿಡಬೇಕು. ಬೂದಿಯ ಒಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಲ್ಲದು. ಆದ್ದರಿಂದ ಬೂದಿಯನ್ನು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೋ ಬಣವೆಯ ಬಳಿಗೋ ಚೆಲ್ಲಬಾರದು. ಉರಿ ಹಿಡಿಯದಿದ್ದರೆ ಸೀಮೆಎಣ್ಣೆ ಸುರಿಯಬಾರದು. ಒಲೆಯ ಮುಂದೆ ಕೂಡುವಾಗ ಹತ್ತಿಯ ಸೀರೆ ಉಟ್ಟು ಸೆರಗನ್ನು ಬಿಗಿಯಾಗಿ ಸಿಕ್ಕಿಸಬೇಕು. ನೈಲಾನ್ ಬಟ್ಟೆ ಕರಗಿ ಮೈಗೇ ಅಂಟುತ್ತದೆ. ಕೈಯಳತೆಯಲ್ಲಿ ಒಂದು ಕೊಡ ನೀರಿರಲಿ. ಸುಟ್ಟ ಗಾಯದ ಮೇಲೆ ಬೆಣ್ಣೆ, ಶಾಯಿ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಡಬೇಕು.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಬಡವರ ಮನೆಗೂ ಗ್ಯಾಸ್ ಬಂದಿದೆ. ಆದರೂ ಕುಷ್ಟಗಿ, ಯಲಬುರ್ಗಾದ ಕಡೆ ಜೋಳದ ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆಯ ಒಲೆ ಇನ್ನೂ ಉರಿಯುತ್ತಿದೆ. ಕೊಪ್ಪಳದ ಗವಿಮಠದ ಜಾತ್ರೆ ಸಮೀಪಿಸಿದರೆ ಮಹಾದಾಸೋಹಕ್ಕೆಂದು ಊರೂರುಗಳಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಅಂಥ ದಿನಗಳಲ್ಲಿ ಒಲೆಗಳನ್ನು ಬಯಲಲ್ಲೋ ಪಡಸಾಲೆಯಲ್ಲೋ ಹೂಡುವುದು ಮೇಲು. ಗ್ಯಾಸಿನ ಸಿಲಿಂಡರನ್ನೂ ಕಟ್ಟಿಗೆಯ ಒಲೆಯನ್ನೂ ಒಂದೇ ಕೋಣೆಯಲ್ಲಿಡುವುದಂತೂ ಸಲ್ಲದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಆ ರಾತ್ರಿಯ ವಿಷಯವನ್ನು ಅತ್ತೆಯವರು ಎಂದೂ ಬಾಯಿಬಿಟ್ಟು ಆಡಲಿಲ್ಲ, ನಾವೂ ಕೇಳಲಿಲ್ಲ. ಆದರೆ ಊರಿನ ಯಾವ ಮನೆಯಲ್ಲಿ ಬಾಣಂತಿಯಿದ್ದರೂ ಕೋಲೂರಿಕೊಂಡು ಹೋಗಿ, ಯಾರನ್ನೂ ಕೇಳದೆ ಕಿಟಕಿಯನ್ನು ತೆರೆದು, “ಕೂಸಿಗೆ ಬೆಚ್ಚಗ ಹೊಚ್ಚರಿ, ಗಾಳಿ ಮಾತ್ರ ಕಟ್ಟಬ್ಯಾಡ್ರಿ” ಎಂದು ಹೇಳಿ ಬರುತ್ತಿದ್ದರು. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಅಂಗಳದಲ್ಲಿ ಅತ್ತ ಆ ಕೂಸು ಈಗ ತಾನೇ ತಾಯಿಯಾಗಿದ್ದಾಳೆ. ಅವಳ ಬಾಣಂತನದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರಲಿಲ್ಲ. ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿತ್ತು.