ಮೂಲೆ ಗುಡಿಸದ ಯಂತ್ರ

ಸುಲ್ತಾನ್ ಬಜಾರಿನಲ್ಲಿ ಮನೆ ಮಾಡಿದವರು ಧೂಳಿನೊಂದಿಗೆ ಸಂಧಾನ ಮಾಡಿಕೊಂಡೇ ಬದುಕಬೇಕು. ಬಟ್ಟೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಗುಡಿಸಿಟ್ಟ ಪಡಸಾಲೆಯ ಮೇಜಿನ ಮೇಲೆ, ಅವು ಬಾಗಿಲು ಹಾಕುವ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದು. ಬ್ರಿಟಿಷ್ ರೆಸಿಡೆನ್ಸಿಯ ನೆರಳಿನಲ್ಲಿ ಬೆಳೆದ ಈ ಪೇಟೆಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂದೇ ಹೆಸರಿತ್ತು. 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಆಯಿತು. ನಮ್ಮ ಕಾಲಕ್ಕೆ ಮೆಟ್ರೋ ಬಂತು. ಬಜಾರಿನ ನಡುವೆ ಅದು ಹಾದುಹೋಗಬಾರದೆಂದು ವ್ಯಾಪಾರಿಗಳು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2020ರ ಫೆಬ್ರುವರಿಯಲ್ಲಿ ರೈಲು ಓಡಿತು. ಇಕ್ಕಟ್ಟಾದ ರಸ್ತೆಯ ನೆತ್ತಿಯ ಮೇಲೆ ರೈಲು ಸಾಗುತ್ತದೆ, ಕೆಳಗೆ ಆಟೋಗಳು ಒದರುತ್ತವೆ, ಧೂಳು ಮಾತ್ರ ಯಾವ ಟಿಕೆಟೂ ಇಲ್ಲದೆ ನಮ್ಮ ಎರಡನೆಯ ಮಹಡಿಯ ಕಿಟಕಿಯಲ್ಲಿ ಇಳಿಯುತ್ತದೆ.

ಈ ಮನೆಯಲ್ಲಿರುವವರು ನಾವು ಮೂವರು: ಅವ್ವ, ನಾನು, ಹೈಸ್ಕೂಲಿಗೆ ಹೋಗುವ ಮಗಳು. ಕೋಠಿಯ ಕಚೇರಿಗೆ ನಡೆದೇ ಹೋಗಬಹುದೆಂಬ ಕಾರಣಕ್ಕೆ ಹಿಡಿದ ಬಾಡಿಗೆ ಮನೆ ಇದು. ಅವ್ವನಿಗೆ ಮನೆ ಒಪ್ಪಿಗೆಯಾದದ್ದು ಬೇರೆಯೇ ಕಾರಣಕ್ಕೆ. ಒಳಗೆ ಕಾಲಿಟ್ಟವಳೇ ನೆಲ ನೋಡಿ, “ಇದು ನಮ್ಮ ಕಡೀ ಕಲ್ಲು ಅದ ನೋಡವಾ” ಎಂದಳು. ಬೂದು ಬಣ್ಣದ ಶಹಾಬಾದ್ ಕಲ್ಲಿನ ಚಪ್ಪಡಿಗಳು. ಅವ್ವ ಹುಟ್ಟಿದ್ದು ಚಿತ್ತಾಪುರ ತಾಲೂಕಿನಲ್ಲಿ. ಅವಳ ಪಾಲಿಗೆ ಆ ಕಲ್ಲು ತವರಿನ ಅಂಗಳ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲು ಹಳಿ ಚಿತ್ತಾಪುರ, ತಾಂಡೂರುಗಳನ್ನು ದಾಟಿಯೇ ಬರುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಹೈದರಾಬಾದಿನ ಹಳೆಯ ಮನೆಗಳ ನೆಲ ಬದಲಾಗಲಿಲ್ಲ.

ಅವ್ವನಿಗೆ ದಮ್ಮು. ಹಿಂದಿನ ಮಳೆಗಾಲದಲ್ಲೇ ಹೆಚ್ಚಿತ್ತು. ಚಳಿಗಾಲದ ಒಂದು ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂರು ದಿನಗಳ ನಂತರ ಮನೆಗೆ ಕಳಿಸುವಾಗ ವೈದ್ಯರು ಇನ್ಹೇಲರಿನ ಜೊತೆಗೆ ಇನ್ನೊಂದು ಮಾತು ಬರೆದುಕೊಟ್ಟರು: ಮನೆಯಲ್ಲಿ ಒಣ ಕಸಬರಿಗೆಯಿಂದ ಗುಡಿಸಬಾರದು. ಕಸಬರಿಗೆ ಧೂಳನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಎಬ್ಬಿಸುತ್ತದೆ. ಕಣ್ಣಿಗೆ ಕಾಣುವ ಕಸ ಮೊರಕ್ಕೆ ಬೀಳುತ್ತದೆ. ಕಾಣದ ಸಣ್ಣ ಕಣಗಳು ಗಾಳಿಯಲ್ಲಿ ತೇಲುತ್ತಾ ಶ್ವಾಸಕೋಶವನ್ನು ಹುಡುಕುತ್ತವೆ. ನಸುಕಿನಲ್ಲೆದ್ದು ಹೊಸ್ತಿಲಿನಿಂದ ಹಿಡಿದು ದೇವರ ಕೋಣೆಯವರೆಗೆ ಗುಡಿಸುವುದನ್ನು ಅರವತ್ತು ವರ್ಷ ನಡೆಸಿಕೊಂಡು ಬಂದವಳಿಗೆ ಈ ಮಾತು ಔಷಧಿಗಿಂತ ಕಹಿಯಾಯಿತು. ಬೆಳಗಿನ ಗುಡಿಸಾಟ ಅವ್ವನದು, ಮಧ್ಯಾಹ್ನದ ಗುಡಿಸಿ ಒರೆಸುವ ಕೆಲಸ ಅಕ್ಕನದು. ಇದು ನಮ್ಮ ಮನೆಯ ರೂಢಿಯಾಗಿತ್ತು. ಅಕ್ಕ ಎಂದರೆ ಹನ್ನೊಂದು ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕೆ ಬರುತ್ತಿರುವವರು. ಅವರ ಸೊಂಟ ನೋವಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ತಾನಾಗಿ ಓಡಾಡಿ ಕಸ ಹೀರುವ ಯಂತ್ರವೊಂದನ್ನು ಕೊಳ್ಳೋಣವೆಂಬ ಸಲಹೆ ಮಗಳದು. ಕಸ ಹೀರುವ ಯಂತ್ರ ಹೊಸದೇನಲ್ಲ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ರೂಪಿಸಿದ್ದು ಕುದುರೆ ಗಾಡಿಯಲ್ಲಿ ಎಳೆದು ತರಬೇಕಾದಷ್ಟು ದೊಡ್ಡದಿತ್ತು. ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು, ಕೊಳವೆಗಳು ಮಾತ್ರ ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಒಂದು ಶತಮಾನ ಕಳೆದು, 2001ರಲ್ಲಿ ಎಲೆಕ್ಟ್ರೋಲಕ್ಸ್‌ನ ಟ್ರೈಲೊಬೈಟ್, 2002ರಲ್ಲಿ ಐರೋಬೋಟ್‌ನ ರೂಂಬಾ ಬಂದವು. ಈಗ ತಟ್ಟೆಯಾಕಾರದ ಈ ಯಂತ್ರಗಳನ್ನು ಹತ್ತಾರು ಕಂಪನಿಗಳು ಮಾರುತ್ತವೆ.

ಆದರೆ ಬೆಲೆಪಟ್ಟಿ ನೋಡುವುದಕ್ಕೆ ಮುಂಚೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಶಬ್ದ. ರೋಬೋಟ್ ಎಂಬುದನ್ನು ಲೋಕಕ್ಕೆ ಕೊಟ್ಟದ್ದು ವಿಜ್ಞಾನಿಯಲ್ಲ, ನಾಟಕಕಾರ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಲ್ಲಿ ಅದು ಮೊದಲು ಬಂತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯ ‘ರೊಬೊಟ’ ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಕಡ್ಡಾಯವಾಗಿ ಮಾಡಬೇಕಾದ ದುಡಿಮೆ. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ಅರ್ಥಕೋಶದ ಸಂಗತಿಯಾಗಿತ್ತು. ಹೈದರಾಬಾದಿನಲ್ಲಿ ಕೂತು ನೆನೆದಾಗ ಹಾಗಿರಲಿಲ್ಲ. ಏಕೆಂದರೆ ಆ ಶಬ್ದಕ್ಕೆ ಈ ಸೀಮೆಯಲ್ಲಿ ಒಳ್ಳೆಯ ಅನುವಾದವಿದೆ: ಕನ್ನಡದಲ್ಲಿ ಬಿಟ್ಟಿ, ತೆಲುಗಿನಲ್ಲಿ ವೆಟ್ಟಿ. ಎರಡೂ ಸಂಸ್ಕೃತದ ‘ವಿಷ್ಟಿ’ಯಿಂದ ಬಂದವು. ನಿಜಾಮರ ಕಾಲದ ತೆಲಂಗಾಣದ ಹಳ್ಳಿಗಳಲ್ಲಿ ದೊರೆಯ ಗಡಿಯ ಅಂಗಳ ಗುಡಿಸಿದವರಿಗೆ ಸಂಬಳವಿರಲಿಲ್ಲ. ಅಕ್ಕನ ಅಜ್ಜಿ ನಲ್ಲಗೊಂಡದ ಕಡೆ ಅಂಥ ಅಂಗಳ ಗುಡಿಸಿದವರು. ಇದನ್ನು ಅವರೇ ಒಮ್ಮೆ, ಪಾತ್ರೆ ತಿಕ್ಕುತ್ತಾ, ಊರಿನ ಬೇರೆ ಯಾವುದೋ ಸುದ್ದಿಯ ನಡುವೆ ಹೇಳಿದ್ದರು. ಮೂರು ತಲೆಮಾರಿನಲ್ಲಿ ಆ ಕುಟುಂಬದ ಕಸಬರಿಗೆಗೆ ಬಂದದ್ದು ಒಂದು ಸಂಬಳ. ಅದನ್ನು ಈಗ ‘ಬಿಟ್ಟಿ’ ಎಂಬ ಹೆಸರಿನದೇ ಯಂತ್ರವೊಂದು ಕಸಿದುಕೊಳ್ಳುವುದೇ?

ಆದ್ದರಿಂದ ಯಂತ್ರದ ಬೆಲೆಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಅಕ್ಕನ ಸಂಬಳ. ಅವ್ವ, ನಾನು, ಅಕ್ಕ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು. ಅಕ್ಕ ತಮ್ಮ ಆತಂಕವನ್ನು ಮುಚ್ಚಿಡಲಿಲ್ಲ: “ಗುಡಿಸುವ ಕೆಲಸ ಹೋದರೆ ಅದರ ದುಡ್ಡೂ ಹೋಗುತ್ತದಲ್ಲವೇ ಅಮ್ಮಾ?” ಮೇಲಿನ ಮಹಡಿಯ ಒಂದು ಮನೆಯಲ್ಲಿ ಹಾಗೆಯೇ ಆಗಿತ್ತಂತೆ. ತಿಂಗಳಿಗೆ ಕೊಡುತ್ತಿದ್ದುದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡುವುದಿಲ್ಲ, ಒರೆಸುವುದು ಮತ್ತು ಮೂಲೆಗಳು ಅವರವೇ, ಯಂತ್ರದ ಉಸ್ತುವಾರಿಯೂ ಅವರದು ಎಂದು ತೀರ್ಮಾನವಾಯಿತು. ಇದನ್ನು ಔದಾರ್ಯವೆಂದು ಭಾವಿಸಬೇಕಿಲ್ಲ. ಯಂತ್ರ ಬೇಕಾಗಿದ್ದುದು ಅವ್ವನ ಉಸಿರಿಗೆ. ಅದರ ಖರ್ಚನ್ನು ಅಕ್ಕನ ಗಂಟಿನಿಂದ ಎತ್ತುವುದು ಲೆಕ್ಕಪತ್ರದಲ್ಲೂ ಸರಿಯಾಗುವುದಿಲ್ಲ.

ಆ ನಂತರ ಅಳತೆಯ ಪಟ್ಟಿ ಹಿಡಿದೆ. ಜಾಹೀರಾತುಗಳು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯುವುದು ಪಾಸ್ಕಲ್ ಲೆಕ್ಕದ ಹೀರುವ ಒತ್ತಡವನ್ನು. ಕಾರ್ಪೆಟ್ಟಿನ ಎಳೆಗಳ ನಡುವಿನ ಧೂಳಿಗೆ ಅದು ಮುಖ್ಯ. ಕಲ್ಲಿನ ನೆಲಕ್ಕೆ ಸಾಧಾರಣ ಒತ್ತಡವೇ ಸಾಕು. ನಮ್ಮ ಮನೆಗೆ ಮುಖ್ಯವಾದದ್ದು ಎತ್ತರ. ತಲೆಯ ಮೇಲೆ ಲೇಸರ್ ಗೋಪುರವಿರುವ ಯಂತ್ರಗಳು ಸುಮಾರು 10 ಸೆಂಟಿಮೀಟರ್ ಎತ್ತರವಿರುತ್ತವೆ. ಅವ್ವನ ಮಂಚದ ಕೆಳಗಿದ್ದದ್ದು 11. ಬಹುತೇಕ ಯಂತ್ರಗಳು ಹತ್ತಬಲ್ಲ ಮೆಟ್ಟಿಲು 2 ಸೆಂಟಿಮೀಟರ್. ನಮ್ಮ ಹೊಸ್ತಿಲುಗಳು 6. ಶುಕ್ರವಾರ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುವ ಹೊಸ್ತಿಲನ್ನು ಯಂತ್ರಕ್ಕಾಗಿ ಕೆತ್ತಿಸುವ ಪ್ರಶ್ನೆ ಬರುವುದಿಲ್ಲ. ಹಾಗಾಗಿ ಅದನ್ನು ಕೋಣೆಯಿಂದ ಕೋಣೆಗೆ ಎತ್ತಿಡಬೇಕು; ಎಂದ ಮೇಲೆ ತೂಕವೂ ಕಡಿಮೆ ಇರಬೇಕು.

ದಾರಿ ಹುಡುಕುವ ಬಗೆಯೂ ಒಂದೇ ಅಲ್ಲ. ಅಗ್ಗದವು ಗೋಡೆಗೆ ತಾಗಿ ತಿರುಗುತ್ತಾ ಅಂದಾಜಿನಲ್ಲಿ ಅಲೆಯುತ್ತವೆ. ಕೆಲವು ಕ್ಯಾಮೆರಾದಿಂದ ನೋಡುತ್ತವೆ. ಇನ್ನು ಕೆಲವು ತಿರುಗುವ ಲೇಸರ್ ಕಿರಣದಿಂದ ದೂರ ಅಳೆದು ಮನೆಯ ನಕ್ಷೆ ಬರೆಯುತ್ತವೆ. ಇವಕ್ಕೆ ಕತ್ತಲೆಯೂ ಅಡ್ಡಿಯಲ್ಲ. 2022ರಲ್ಲಿ, ಪರೀಕ್ಷೆಯ ಹಂತದಲ್ಲಿದ್ದ ಇಂಥ ಯಂತ್ರಗಳು ಮನೆಯೊಳಗೆ ತೆಗೆದ ಚಿತ್ರಗಳು ಸಾಮಾಜಿಕ ಜಾಲತಾಣಗಳಿಗೆ ಸೋರಿಹೋದ ಸುದ್ದಿ ಬಂದಿತ್ತು. ನೆಲದ ಮಟ್ಟದಲ್ಲಿ ಓಡಾಡುವ ಕಣ್ಣು ನಮ್ಮ ಮನೆಗೆ ಬೇಡವೆಂದು ಲೇಸರಿನದನ್ನೇ ಆರಿಸಿದೆ. 2023ರಲ್ಲಿ ನಿಯಾಟೋ ಎಂಬ ಹೆಸರಾಂತ ಕಂಪನಿ ಬಾಗಿಲು ಹಾಕಿತ್ತು. ಕಂಪನಿ ಹೋದರೂ, ಮೊಬೈಲಿನ ಆ್ಯಪ್ ನಿಂತುಹೋದರೂ, ಮೈಮೇಲಿನ ಗುಂಡಿ ಒತ್ತಿದರೆ ಕೆಲಸ ಮಾಡಬೇಕು. ಕುಂಚ, ಫಿಲ್ಟರ್, ಬ್ಯಾಟರಿಗಳು ಬಿಡಿಯಾಗಿ ಸಿಗಬೇಕು. ಈ ಎರಡು ಷರತ್ತುಗಳಿಗೆ ಒಪ್ಪಿದ, ಇಪ್ಪತ್ತನಾಲ್ಕು ಸಾವಿರ ರೂಪಾಯಿಗಳ ಒಂದು ಯಂತ್ರ ಮನೆಗೆ ಬಂತು. ಬಿಡಿಭಾಗದ ಮಾತು ಬಂದಾಗ ಸುಲ್ತಾನ್ ಬಜಾರಿನವರಿಗೆ ಒಂದು ಧೈರ್ಯವಿದೆ. ಹತ್ತು ನಿಮಿಷ ನಡೆದರೆ ಗುಜರಾತಿ ಗಲ್ಲಿ; ಎಲೆಕ್ಟ್ರಾನಿಕ್ ಸಾಮಾನಿನ ಆ ಓಣಿಯಲ್ಲಿ ಬಿಚ್ಚಿ ನೋಡಲು ಹೆದರುವವರು ಯಾರೂ ಇಲ್ಲ.

ಮೊದಲ ದಿನ ಅದು ನಕ್ಷೆ ಬರೆಯುತ್ತಾ ಮಂಚದ ಕಾಲಿಗೆ ತಾಗಿ, ಹಿಂದೆ ಸರಿದು, ಮತ್ತೆ ತಾಗುವುದನ್ನು ನೋಡಿದ ಅವ್ವ, “ಹೊಸಾ ಸೊಸಿ ಇದ್ದಂಗ ಅದ, ಮನಿ ತಿಳೀಲಿ ತಡಿ” ಎಂದಳು. ಅಡುಗೆಮನೆಯ ಬಾಗಿಲಲ್ಲಿ ಹಾಸಿದ ಕಪ್ಪು ಕಡಪಾ ಕಲ್ಲಿನ ಪಟ್ಟಿಯ ಮುಂದೆ ಮಾತ್ರ ಅದು ಪ್ರತಿ ಬಾರಿಯೂ ಗಕ್ಕನೆ ನಿಂತಿತು. ಮೆಟ್ಟಿಲಿನಿಂದ ಬೀಳದಂತೆ ಯಂತ್ರದ ಹೊಟ್ಟೆಯ ಕೆಳಗೆ ಅತಿಕೆಂಪು ಕಿರಣದ ಸೆನ್ಸರ್‌ಗಳಿರುತ್ತವೆ; ನೆಲದಿಂದ ಕಿರಣ ಮರಳಿ ಬರದಿದ್ದರೆ ಅಲ್ಲಿ ಪ್ರಪಾತವಿದೆ ಎಂದು ಅವು ತಿಳಿಯುತ್ತವೆ. ಕಪ್ಪು ಕಲ್ಲು ಕಿರಣವನ್ನು ನುಂಗುತ್ತದೆ. ಹೀಗಾಗಿ ಅಡುಗೆಮನೆ ಅಕ್ಕನ ಸುಪರ್ದಿಯಲ್ಲೇ ಉಳಿಯಿತು.

ದೇವರ ಮುಂದಿನ ರಂಗೋಲಿಯನ್ನು ಉಳಿಸಿಕೊಳ್ಳಲು ಮೊಬೈಲಿನ ನಕ್ಷೆಯಲ್ಲಿ ಯಂತ್ರ ದಾಟಬಾರದ ಗೆರೆಯೊಂದನ್ನು ಎಳೆಯಬೇಕಾಯಿತು. ಅವ್ವ ಅದನ್ನು ಲಕ್ಷ್ಮಣರೇಖೆ ಎಂದೇ ಕರೆಯುತ್ತಾಳೆ. ಇದು ಬರಿಯ ಭಕ್ತಿಯ ಮಾತಲ್ಲ. ರಂಗೋಲಿಯ ನುಣ್ಣನೆಯ ಕಲ್ಲುಪುಡಿ ಒಳಹೊಕ್ಕರೆ ಒಂದೇ ದಿನದಲ್ಲಿ ಫಿಲ್ಟರಿನ ರಂಧ್ರಗಳು ಮುಚ್ಚಿಹೋಗುತ್ತವೆ. ಯಂತ್ರ ಓಡಾಡುತ್ತಿರುತ್ತದೆ, ಹೀರುವುದಿಲ್ಲ.

ನಿರ್ವಹಣೆಯ ವಿಷಯವನ್ನು ಯಾವ ಅಂಗಡಿಯವನೂ ಬಿಡಿಸಿ ಹೇಳುವುದಿಲ್ಲ. ಕಸದ ಡಬ್ಬಿಯನ್ನು ದಿನವೂ ಖಾಲಿ ಮಾಡಬೇಕು, ದಮ್ಮಿನವರು ಅದನ್ನು ಮುಟ್ಟಬಾರದು. ಡಬ್ಬಿ ಕೊಡವುವ ಆ ಅರ್ಧ ನಿಮಿಷದಲ್ಲಿ ಹಾರುವ ಧೂಳು ಒಂದು ಹೊತ್ತಿನ ಗುಡಿಸಾಟಕ್ಕೆ ಸಮ. ನಾವು ಬಾಲ್ಕನಿಯಲ್ಲಿ, ಒದ್ದೆ ಮಾಡಿದ ಹಳೆಯ ಪತ್ರಿಕೆಯ ಮೇಲೆ ಸುರಿದು ಮಡಚಿಡುತ್ತೇವೆ. ಫಿಲ್ಟರನ್ನು ವಾರಕ್ಕೊಮ್ಮೆ ತಟ್ಟಿ, ತೊಳೆಯಬಲ್ಲದ್ದಾದರೆ ತೊಳೆದು, ಒಂದು ಇಡೀ ದಿನ ನೆರಳಿನಲ್ಲಿ ಒಣಗಿಸಬೇಕು. ಒದ್ದೆ ಫಿಲ್ಟರ್ ಬೂಸ್ಟು ಹಿಡಿಯುತ್ತದೆ, ದಮ್ಮಿಗೆ ಅದು ಧೂಳಿಗಿಂತ ಕೆಟ್ಟದ್ದು. ಆದ್ದರಿಂದ ಎರಡು ಫಿಲ್ಟರುಗಳಿರಲಿ. ಒರೆಸುವ ನೀರಿನ ಡಬ್ಬಿಗೆ ಬರಿಯ ನೀರು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಮ್ಲವಿರುವ ಯಾವ ದ್ರಾವಣ ತಾಗಿದರೂ ಅದರ ಮೈ ತಿಂದುಹೋಗುತ್ತದೆ. ಬೋರಿನ ಗಡಸು ನೀರು ಹಾಕಿದರೆ ಸಣ್ಣ ತೂತುಗಳಲ್ಲಿ ಬಿಳಿ ಪದರ ಕಟ್ಟುತ್ತದೆ, ಅದಕ್ಕೆ ಕುಡಿಯುವ ನೀರನ್ನೇ ಹಾಕುತ್ತೇವೆ. ಕಲ್ಲುಗಳ ಸಂದಿಯ ಧೂಳನ್ನು ಯಂತ್ರ ಅರ್ಧ ಮಾತ್ರ ಎತ್ತುತ್ತದೆ. ಉಳಿದರ್ಧಕ್ಕೆ ವಾರಕ್ಕೊಮ್ಮೆ ಒದ್ದೆ ಬಟ್ಟೆ.

ಮುಖ್ಯ ಕುಂಚಕ್ಕೆ ಕೂದಲು ಸುತ್ತಿಕೊಳ್ಳುತ್ತದೆ. ಮೂರು ಹೆಂಗಸರ ಮನೆಯಲ್ಲಿ ಇದು ಪ್ರತಿ ಶನಿವಾರದ ಕೆಲಸ. ಅಕ್ಕ ಬಾಗಿಲ ಬಳಿ ಕೂತು, ಕುಂಚವನ್ನು ಬಿಚ್ಚಿ, ಕತ್ತರಿಯಿಂದ ಉದ್ದಕ್ಕೆ ಸೀಳಿ, ಎಳೆಗಳನ್ನು ಬಿಡಿಸುತ್ತಾರೆ. ಮೊದಲ ತಿಂಗಳೇ ಅವರು ತೀರ್ಪು ಕೊಟ್ಟಿದ್ದರು: “ಇದಿ ಮೂಲಲು ಊಡ್ವದಮ್ಮಾ.” ನಿಜ, ದುಂಡಗಿನ ಯಂತ್ರ ಮೂಲೆ ಗುಡಿಸುವುದಿಲ್ಲ. ಆ ಮಾತಿನಲ್ಲಿ ದೂರಿಗಿಂತ ಸಮಾಧಾನವೇ ಹೆಚ್ಚಿತ್ತು. ಚೀಪುರು ಈಗ ಅಡುಗೆಮನೆಗೂ ಬಾಲ್ಕನಿಗೂ ಸೀಮಿತವಾಗಿದೆ; ಬಗ್ಗಿ ಗುಡಿಸುವ ನಾಲ್ಕು ಕೋಣೆಗಳು ಒಂದಕ್ಕಿಳಿದಿವೆ. ಸೊಂಟ ಹೋಗಲಿಲ್ಲ, ಆದರೆ ನೋವಿನ ಮಾತ್ರೆ ದಿನವೂ ಬೇಕಾಗುತ್ತಿಲ್ಲ ಎನ್ನುತ್ತಾರೆ.

ಅವ್ವನ ದಮ್ಮು ಯಂತ್ರದಿಂದ ವಾಸಿಯಾಯಿತೆಂದು ಬರೆದರೆ ಅದು ಜಾಹೀರಾತಾಗುತ್ತದೆ. ಇನ್ಹೇಲರ್ ಇದೆ, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದಿದೆ, ರಸ್ತೆಯ ಕಡೆಯ ಕಿಟಕಿಯನ್ನು ಹಗಲು ಮುಚ್ಚುವುದಿದೆ. ಇವೆಲ್ಲದರ ನಡುವೆ ಇದೂ ಒಂದು. ಎರಡು ಚಳಿಗಾಲ ಆಸ್ಪತ್ರೆಯ ಮುಖ ನೋಡಲಿಲ್ಲವೆಂಬುದಷ್ಟೇ ನಾನು ಹೇಳಬಲ್ಲ ಮಾತು. ನಸುಕಿನಲ್ಲಿ ಏಳುವುದನ್ನು ಅವಳು ಬಿಟ್ಟಿಲ್ಲ. ಕಸಬರಿಗೆಯ ಬದಲು ಗುಂಡಿ ಒತ್ತುತ್ತಾಳೆ, ಯಂತ್ರದ ಹಿಂದೆ ಹಿಂದೆ ನಡೆಯುತ್ತಾಳೆ, ಬಿಟ್ಟುಹೋದ ಜಾಗವನ್ನು ಕಾಲಿನ ಬೆರಳಿನಿಂದ ತೋರಿಸಿ ಬೈಯುತ್ತಾಳೆ. ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದೆಂಬ ನಿಯಮ ಅದಕ್ಕೂ ಅನ್ವಯಿಸುತ್ತದೆ.

ಮೂರನೆಯ ವರ್ಷಕ್ಕೆ ಬ್ಯಾಟರಿ ಸೋತಿದೆ. ಎರಡು ಕೋಣೆ ಮುಗಿಸುವಷ್ಟರಲ್ಲಿ ತನ್ನ ಗೂಡಿಗೆ ಮರಳಿ ಉಸಿರು ಹಿಡಿದು ನಿಲ್ಲುತ್ತದೆ. ಹೊಸ ಯಂತ್ರವನ್ನೇ ತನ್ನಿ ಎಂದು ಮಗಳು, ಗುಜರಾತಿ ಗಲ್ಲಿಯಲ್ಲಿ ಬ್ಯಾಟರಿ ಹಾಕಿಸೋಣ ಎಂದು ನಾನು. ಅಕ್ಕನ ಅಭಿಪ್ರಾಯ ನನ್ನ ಕಡೆಗಿದೆ: ಇದರ ಸ್ವಭಾವ ಕೈಗೆ ತಿಳಿದಿದೆ, ಹೊಸದನ್ನು ಮತ್ತೆ ಯಾರು ಕಲಿಯುವುದು? ಯಂತ್ರವನ್ನು ದಿನವೂ ಕೈಯಲ್ಲಿ ಹಿಡಿಯುವವರು ಅವರೇ ಆದ್ದರಿಂದ ಅವರ ಮತಕ್ಕೆ ತೂಕ ಹೆಚ್ಚು. ಬರುವ ಭಾನುವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಗಲ್ಲಿಗೆ ಹೋಗುವವರಿದ್ದೇವೆ. ಬ್ಯಾಟರಿ ಹಾಕುವವನ ಎದುರು ಕೂತು ಸರಿಯಾದದ್ದನ್ನೇ ಹಾಕಿದನೋ ನೋಡಿಕೊಳ್ಳುವ ಜವಾಬ್ದಾರಿಯನ್ನು ಅಕ್ಕ ವಹಿಸಿಕೊಂಡಿದ್ದಾರೆ.